ಮನೆ ಒಲ್ಲೆ ಅಂದದ್ದು

ನಮ್ಮ ಊರಿನಲ್ಲಿ ಯಾರಾದರೂ ಬೇರೆಯವರ ಕಿಡ್ನಿಯನ್ನೋ ಲಿವರನ್ನೋ ಹಾಕಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದರೆ ಓಣಿಯ ಜನ ಅವರ ಮುಖ ನೋಡುವುದಿಲ್ಲ, ಮನೆಯ ಮುಖ ನೋಡುತ್ತಾರೆ. ಬಾಗಿಲು ಸಲೀಸಾಗಿ ತೆರೆಯಿತೇ, ಹೊಸ್ತಿಲು ಬೆವರಿತೇ, ಗೋಡೆಯ ಸುಣ್ಣ ಎಲ್ಲಾದರೂ ಉಬ್ಬಿತೇ ಎಂದು ಎದುರು ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಮೈ ಒಪ್ಪುವುದು ನಮ್ಮಲ್ಲಿ ದೊಡ್ಡ ಮಾತಲ್ಲ, ಅದಕ್ಕೆ ಗುಳಿಗೆಗಳಿವೆ. ಮನೆ ಒಪ್ಪಬೇಕು. ಮೇಲಿನ ಓಣಿಯ ಸಂಗಪ್ಪ ಮಾಸ್ತರರು ಯಾರೋ ಸತ್ತವರ ಹೃದಯ ಇಟ್ಟುಕೊಂಡು ಬಂದಾಗ ಅವರ ಮನೆಯ ಮೆಟ್ಟಿಲುಗಳೆಲ್ಲ ಹೊರಗಡೆಗೆ ವಾಲಿದವು. ಮಾಸ್ತರರು ಎಷ್ಟು ಸಲ ಹತ್ತಿದರೂ ಮತ್ತೆ ಅಂಗಳದಲ್ಲೇ ಇರುತ್ತಿದ್ದರು. ಈಗ ಅವರು ಗುಡ್ಡದ ಮೇಲಿನ ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿದ್ದಾರೆ. ಹಬ್ಬ ಬಂದರೆ ಹೆಂಡತಿ ಮಕ್ಕಳು ಹೋಳಿಗೆಯನ್ನು ಅಲ್ಲಿಗೇ ಒಯ್ಯುತ್ತಾರೆ. ಇದನ್ನು ಯಾರೂ ಆಶ್ಚರ್ಯವೆಂದು ಹೇಳಿಕೊಂಡು ತಿರುಗುವುದಿಲ್ಲ. ಕೆಲವರ ಬಾವಿಯ ನೀರು ಸಿಹಿ, ಕೆಲವರದು ಸವುಳು. ಇದೂ ಹಾಗೆಯೇ.

ನನ್ನ ಹೆಸರು ನಿಂಬೆವ್ವ. ನನ್ನ ಗಂಡನ ಹೆಸರು ಚಂದ್ರಾಮ. ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ, ನಮ್ಮವರು ಎನ್ನುತ್ತೇನೆ. ನಮ್ಮವರು ಫೋಟೊಗಳಿಗೆ ಕಟ್ಟು ಹಾಕುವವರು. ಊರಿನ ಅರ್ಧ ಮನೆಗಳಲ್ಲಿ ದೇವರೂ ಸತ್ತವರೂ ಅವರು ಕೊಯ್ದ ಗಾಜಿನ ಹಿಂದೆಯೇ ಇದ್ದಾರೆ. ಅವರ ಎರಡೂ ಕಿಡ್ನಿ ಕೆಟ್ಟು ಕಾಲು ಬಾತುಕೊಂಡು ಗಾಜು ಕೊಯ್ಯುವ ಕೈ ನಡುಗತೊಡಗಿದಾಗ ನಾನೇ ಆಸ್ಪತ್ರೆಗೆ ಹೋಗಿ ನನ್ನ ರಕ್ತ ಪರೀಕ್ಷೆ ಮಾಡಿಸಿದೆ. ಹೊಂದುತ್ತದೆ ಅಂದರು. ನನ್ನ ಒಂದು ಕಿಡ್ನಿ ತೆಗೆದು ಅವರಿಗೆ ಹಾಕಿದರು.

ಮನೆಯ ವಿಷಯದಲ್ಲಿ ನಮಗೆ ಯಾರಿಗೂ ಹೆದರಿಕೆ ಇರಲಿಲ್ಲ. ಅದು ನಮ್ಮವರ ಮುತ್ತಜ್ಜ ಕಟ್ಟಿಸಿದ ಮನೆ. ಅವರು ಹುಟ್ಟಿದ್ದು ಅಲ್ಲೇ. ನಾನು ಮದುವೆಯಾಗಿ ಬಂದಂದಿನಿಂದ ಆ ನೆಲವನ್ನು ಸಾರಿಸಿದವಳು, ಆ ಒಲೆಯ ಬೂದಿ ತೆಗೆದವಳು, ಮಗಳು ಭಾರತಿಯನ್ನು ಅಲ್ಲೇ ಹೆತ್ತವಳು. ನನ್ನ ಅತ್ತೆ ಶಿವಗಂಗವ್ವ ನೆರೆಯವರಿಗೆ ಧೈರ್ಯವಾಗಿ ಹೇಳಿದಳು: "ಎಲ್ಲಿಂದ್ಲೋ ತಂದದ್ದಲ್ಲವಾ ಅದು. ಮನೀದು ಮನ್ಯಾಗ ಐತಿ. ಈ ಕ್ವಾಣ್ಯಾಗಿಂದು ಆ ಕ್ವಾಣ್ಯಾಗ ಇಟ್ಟಂಗ." ನಾವು ಮರಳಿದ ಸಂಜೆ ಓಣಿಯವರು ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಆರತಿ ತಂದಳು. ಬಾಗಿಲು ತೆರೆಯಿತು. ಹೊಸ್ತಿಲು ಒಣಗಿತ್ತು. ಜನ ಎದ್ದು ತಂತಮ್ಮ ಕೆಲಸಕ್ಕೆ ಹೋದರು.

ಸ್ವಲ್ಪ ದಿನ ಏನೂ ಆಗಲಿಲ್ಲ. ನಮ್ಮವರ ಮುಖಕ್ಕೆ ಬಣ್ಣ ಬಂತು. ಜೋಳದ ರೊಟ್ಟಿ ಕೇಳಿ ತಿಂದರು. ಆಮೇಲೆ ಒಂದು ಬೆಳಿಗ್ಗೆ ಹಾಸಿಗೆ ಮಡಿಚುವಾಗ ಅವರು ಮಲಗುವ ಕಡೆಯ ಗೋಡೆಗೆ ನನ್ನ ಮೊಣಕೈ ತಾಗಿತು. ಗೋಡೆ ಬಿಸಿಯಾಗಿತ್ತು. ಬಿಸಿಲು ಬೀಳುವ ಗೋಡೆಯಲ್ಲ ಅದು. ಮಗುವಿಗೆ ಜ್ವರ ಬಂದಾಗ ಹಣೆ ಮುಟ್ಟಿದಂತಿತ್ತು. ಮರುದಿನ ಅಲ್ಲಿ ಸುಣ್ಣ ಉಬ್ಬಿತು. ಅದರ ಮರುದಿನ ಉಬ್ಬಿದ್ದು ಕೆಂಪಾಯಿತು. ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗಿ, ತೆಗೆದರೆ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಅವರು ಹಾಸಿಗೆಯನ್ನು ಇನ್ನೊಂದು ಗೋಡೆಯ ಕಡೆ ಎಳೆದುಕೊಂಡರೆ ಆ ಗೋಡೆಯೂ ಬಿಸಿಯಾಯಿತು. ಮನೆಯ ಕೊಡದ ನೀರು ಅವರ ಬಾಯಿಗೆ ಮಾತ್ರ ಕಹಿಯಾಯಿತು. ಪಡಸಾಲೆಯ ಕದ ಅವರು ಬಂದರೆ ಬಿಗಿದುಕೊಳ್ಳುತ್ತಿತ್ತು, ನಾನು ದೂಡಿದರೆ ತೆರೆಯುತ್ತಿತ್ತು. ಗೋಡೆಯ ಬಾವು ದೊಡ್ಡದಾದಂತೆ ಅವರ ಮೂತ್ರ ಕಡಿಮೆಯಾಯಿತು.

ಡಾಕ್ಟರ್ ಅನುಸೂಯಾ ಪಟ್ಟಣಶೆಟ್ಟಿ ಸ್ವತಃ ಮನೆಗೆ ಬಂದರು. ಹೊರಗಿನಿಂದ ನಮ್ಮ ಊರಿಗೆ ಬಂದು, ಮನೆಗಳು ಯಾಕೆ ಹೀಗೆ ಮಾಡುತ್ತವೆ ಎಂದು ಸಂಶೋಧನೆ ಮಾಡುತ್ತ ಇಲ್ಲೇ ಉಳಿದ ಹೆಂಗಸು. ಕಿವಿಗೊಳವೆಯನ್ನು ಮೊದಲು ನಮ್ಮವರ ಬೆನ್ನಿಗೆ, ಆಮೇಲೆ ಗೋಡೆಗೆ ಇಟ್ಟರು. ಗೋಡೆಗೆ ಇಟ್ಟು ಬಹಳ ಹೊತ್ತು ಕೇಳಿದರು. ಸಣ್ಣ ಚಾಕುವಿನಿಂದ ಉಬ್ಬಿದಲ್ಲಿ ಒಂದಿಷ್ಟು ಕೆರೆದು ಸೀಸೆಗೆ ಹಾಕಿಕೊಂಡರು. ಕೆರೆದಲ್ಲಿ ತಿಳಿನೀರು ಒಸರಿತು.

"ಇವರ ಮೈ ನಿಮ್ಮ ಕಿಡ್ನಿ ಒಪ್ಪೇದ," ಅಂದರು ನನಗೆ. "ಮನಿ ಒಪ್ಪಿಲ್ಲ."

"ನಂದೇ ಅಲ್ರೀ ಕಿಡ್ನಿ? ನಾ ಈ ಮನ್ಯಾಗ ಇಲ್ಲೇನು? ನನ್ನ ಬಾಜೂ ಗ್ವಾಡಿ ಮುಟ್ಟಿ ನೋಡ್ರಿ, ತಣ್ಣಗ ಐತಿ."

ಅವರು ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ಉಂಡ ಅನ್ನ ಹೊಟ್ಟ್ಯಾಗ ಇರೋ ತನಕ ಮೈ ಸುಮ್ಮಿರ್ತದ ನಿಂಬೆವ್ವ. ಅದ ಅನ್ನದ ಅಗಳು ರಕ್ತದಾಗ ಹೋದ್ರ ಸುಮ್ಮಿರಂಗಿಲ್ಲ. ನೀವು ಇಷ್ಟು ವರ್ಷ ಈ ಮನೀ ಹೊಟ್ಟ್ಯಾಗ ಇದ್ರಿ. ಈಗ ಅದರ ಮಗನ ಮೈಯಾಗ ಹೋಗೀರಿ. ಅದಕ್ಕ ಗೊತ್ತಾಗೇದ."

"ಏನ್ ಗೊತ್ತಾಗೇತಿ?"

"ನೀವು ಹೊರಗಿನವರಂತ."

ಡಾಕ್ಟರು ಕೆಟ್ಟದಾಗಿ ಹೇಳಲಿಲ್ಲ. ರಕ್ತ ಯಾವ ಗುಂಪು ಎಂದು ಹೇಳುವ ಹಾಗೆ ಹೇಳಿದರು. ಆದರೆ ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತು ಸುತ್ತಲೂ ನೋಡಿದೆ. ನಾನೇ ಗೋಡೆಗೆ ಹೊಡೆದ ಮೊಳೆಗಳು, ನಾನೇ ಮೆತ್ತಿದ ಒಲೆ. ಒಲೆಯ ಮೇಲೆ ಅಂಗೈ ಇಟ್ಟೆ. ಅದು ಇದ್ದ ಹಾಗೆಯೇ ಇತ್ತು, ನನ್ನ ಕಡೆಗೂ ಇಲ್ಲ, ನನ್ನ ವಿರುದ್ಧವೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಹಾಗೆ. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಸೆರಗಿನ ತುದಿಯಲ್ಲಿದ್ದ ಕೀಲಿಕೈಗಳನ್ನು ಹಿಡಿದುಕೊಂಡು ಮೆಲ್ಲಗೆ ಅಂದಳು: "ನಾನರ ಎಲ್ಲ್ಯಾಕಿ ಹೇಳು. ಹೊಳೀ ಆಚಿಕಡಿಂದ ಬಂದಾಕಿ. ಮನಿ ನನ್ನ ಕೈಯಾಗ ಐತಿ, ಮನೀ ಕೈಯಾಗ ನಾ ಇಲ್ಲ. ನನಗ ಮೊದಲಿಂದ ಗೊತ್ತಿತ್ತವಾ." ಅತ್ತೆ ನನ್ನೊಡನೆ ಅಷ್ಟು ಮೃದುವಾಗಿ ಮಾತನಾಡಿದ್ದು ಅದೇ ಮೊದಲು.

ಡಾಕ್ಟರರ ಹತ್ತಿರ ಒಂದು ಔಷಧಿ ಇತ್ತು. ಅದನ್ನು ಸುಣ್ಣದಲ್ಲಿ ಕಲಸಿ ಗೋಡೆಗಳಿಗೆ ಬಳಿಯಬೇಕು. ಉದ್ದನೆಯ ವಾರ್ಡಿನ ಗೋಡೆಗಳಿಗೆಲ್ಲ ಅದನ್ನೇ ಬಳಿಯುತ್ತಾರೆ, ಅದಕ್ಕೇ ಅಲ್ಲಿ ಯಾರು ಬೇಕಾದರೂ ಇರಬಹುದು. ಜನ ವಾಸವಿರುವ ಮನೆಗೆ ಬಳಿದು ನೋಡಿದ್ದು ಕಡಿಮೆ. "ಮನಿ ಸಿಟ್ಟು ಇಳೀತದ," ಅಂದರು. "ಆದ್ರ ಸಿಟ್ಟಿನ ಜೋಡಿ ಮತ್ತೇನೇನು ಇಳೀತದೋ ನನಗ ಪೂರಾ ಗೊತ್ತಿಲ್ಲ. ನೋಡಿ ಹೇಳ್ರಿ." ನಾನೂ ಅತ್ತೆಯೂ ಸೀರೆ ಎತ್ತಿ ಕಟ್ಟಿಕೊಂಡು ಪ್ರತಿದಿನ ಬೆಳಿಗ್ಗೆ ಬಳಿದೆವು. ನೀಲಿ ಛಾಯೆಯ ಸುಣ್ಣ, ಹುಳಿ ಮಜ್ಜಿಗೆಯ ವಾಸನೆ. ಕೆಂಪು ಇಳಿಯಿತು, ಬಾವು ಬತ್ತಿತು, ನೀರು ಸಿಹಿಯಾಯಿತು. ನಮ್ಮವರು ಎದ್ದು ಕೂತು ಒಂದು ಕಟ್ಟು ಮುಗಿಸಿದರು.

ಮನೆ ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ, ಮನೆಗೆ ಇಷ್ಟು ಸದ್ದಿತ್ತೆಂದು ಆಗಲೇ ತಿಳಿದದ್ದು. ತೊಲೆಗಳು ಮಧ್ಯಾಹ್ನ ಚಟಪಟ ಎನ್ನುವುದು ನಿಂತಿತು. ಕೂಗಿದರೆ ಪಡಸಾಲೆಯಲ್ಲಿ ಮಾರ್ದನಿ ಬರಲಿಲ್ಲ. ಮೊದಲು ಗೆದ್ದಲು ಬಂತು. ಬಾಗಿಲ ಚೌಕಟ್ಟು ಕೈಯಲ್ಲಿ ಹಿಟ್ಟಾಯಿತು. ಆಮೇಲೆ ಬಾವಲಿಗಳು ಹಾಡುಹಗಲೇ ಬಂದು ಬಟ್ಟೆ ಹಗ್ಗಕ್ಕೆ ನೇತುಬಿದ್ದವು. ಓಡಿಸಿದರೆ ಹೋಗಿ, ಕದ ಹಾಕಿದ್ದರೂ ಮತ್ತೆ ಬರುತ್ತಿದ್ದವು. ಆಮೇಲೆ ಬೇರೆ ಮನೆಗಳ ವಾಸನೆಗಳು ಬಂದವು. ನಮ್ಮ ಒಲೆ ತಣ್ಣಗಿದ್ದಾಗ ಯಾರದೋ ಒಗ್ಗರಣೆ, ಯಾರದೋ ಮಗುವಿನ ಮೈಗೆ ಹಚ್ಚಿದ ಬಜೆ.

ಒಂದು ದಿನ ಮಧ್ಯಾಹ್ನ ಬಾವಿಯಿಂದ ನೀರು ತಂದು ಅಡುಗೆಮನೆಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಅವಳನ್ನು ಕಂಡಿದ್ದೇ ಇಲ್ಲ. ಬೆಚ್ಚಲಿಲ್ಲ ಅವಳು. ತಲೆ ಎತ್ತಿ, ತನ್ನ ಮನೆಗೆ ಬಂದವರನ್ನು ನೋಡುವ ಹಾಗೆ ನೋಡಿ, "ಬರ್ರಿ, ಕುಂದರ್ರಿ, ನೀರು ಕುಡೀತೀರೇನು?" ಅಂದಳು.

"ನೀವು ಯಾರು?" ಅಂದೆ.

ಅವಳಿಗೆ ನಗು ಬಂತು. "ನಾ ಈ ಮನ್ಯಾಕಿ. ನೀವು ಯಾರ ಪೈಕಿ?"

ಕೈಹಿಡಿದು ಎಬ್ಬಿಸಿದೆ. ಜಗಳವಾಡದೆ ಎದ್ದು ನನ್ನ ಜೊತೆ ಬೀದಿಯವರೆಗೆ ಬಂದಳು. ನಾನು ಒಳಗೆ ಬರುವಷ್ಟರಲ್ಲಿ ಮತ್ತೆ ಅಕ್ಕಿ ಆರಿಸುತ್ತಿದ್ದಳು. ಪಡಸಾಲೆಯ ಗೂಟಕ್ಕೆ ಯಾರೋ ಗಂಡಸು ಅಂಗಿ ಕಳಚಿ ತೂಗುಹಾಕಿ ಚಾಪೆಯ ಮೇಲೆ ಮಲಗಿದ್ದ. ಅವನಿಗೂ ಇದು ತನ್ನದೇ ಮನೆ. ಅವರು ಏನನ್ನೂ ಕದಿಯಲಿಲ್ಲ, ಕೆಡಿಸಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಕಳ್ಳರಾಗಿದ್ದರೆ ಕೂಗಬಹುದಿತ್ತು. ನಮ್ಮವರು ಗಾಜಿನ ಮೇಲೆ ಬಗ್ಗಿಕೊಂಡೇ, "ಇರ್ಲಿ ಬಿಡು, ಯಾರೋ ಬಂದಾರ," ಅಂದರು. ಅವರ ದನಿಯೂ ಮನೆಯ ಹಾಗೆ ಸುಮ್ಮನಾಗಿತ್ತು.

ಅತ್ತೆಯನ್ನು ಹುಡುಕಿದೆ. ಅವಳು ಹೊರಗೆ ಕಟ್ಟೆಯ ತುದಿಯಲ್ಲಿ, ಕಾಲು ಜೋಡಿಸಿ, ಸೆರಗು ಸರಿಮಾಡಿಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. "ಯವ್ವಾ, ಮನ್ಯಾಗ ಯಾರರ ದೊಡ್ಡವರು ಅದಾರೇನು? ಹೊಳೀ ಆಚಿಕಡಿ ಹೋಗಬೇಕು ನಾ. ಹೊತ್ತಾತು, ನಮ್ಮವ್ವ ದಾರಿ ಕಾಯ್ತಾಳ."

"ಅತ್ತಿ, ನಾ ನಿಂಬಿ," ಅಂದೆ.

ಅವಳು ನನ್ನ ಮುಖವನ್ನು ಹುಡುಕಿದಳು. ಸಿಗಲಿಲ್ಲ. ಸೆರಗಿನ ಕೀಲಿಕೈಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಇವು ಯಾರವೋ ನನ್ನ ಕಡೆ ಉಳದಾವ, ಕೊಟ್ಟುಬಿಡವಾ," ಅಂದಳು. ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ತಟ್ಟುತ್ತ, ಯಾರೋ ಗುರುತಿಲ್ಲದ ಹುಡುಗಿಗೆ ಹೇಳುವ ಹಾಗೆ ಸಮಾಧಾನ ಹೇಳುತ್ತಿದ್ದಳು.

ಅವತ್ತೇ ಬಕೆಟ್ಟು, ತೆಂಗಿನ ನಾರು ತೆಗೆದುಕೊಂಡು ಗೋಡೆ ತಿಕ್ಕತೊಡಗಿದೆ. ನಮ್ಮವರು ಸ್ವಲ್ಪ ಹೊತ್ತು ನೋಡಿದರು. ನಾನು ಯಾವುದನ್ನು ತೊಳೆಯುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

"ಇದು ಹೋದ್ರ ನಾ ಇಲ್ಲಿ ಇರಾಕಾಗಂಗಿಲ್ಲ," ಅಂದರು.

"ಇದು ಇದ್ರ ಇಲ್ಲಿ ಯಾರೂ ಇರಂಗಿಲ್ಲ," ಅಂದೆ. "ನಿಮ್ಮವ್ವನ್ನ ನೋಡಿದ್ರೇನು?"

ಅವರು ಕಟ್ಟೆಯತ್ತ ನೋಡಿದರು. ಆಮೇಲೆ ಇನ್ನೊಂದು ನಾರು ತೆಗೆದುಕೊಂಡು ಬಂದು ನನ್ನ ಪಕ್ಕ ತಿಕ್ಕಿದರು. ನೀಲಿ ನೀರು ಮೊಣಕೈಗುಂಟ ಇಳಿಯುತ್ತಿತ್ತು.

ಮನೆ ಎಚ್ಚರಾಯಿತು. ತೊಲೆಗಳು ಸದ್ದು ಮಾಡಿದವು, ಬಾವಲಿಗಳು ಹಾರಿಹೋದವು. ಅಕ್ಕಿ ಆರಿಸುವ ಹೆಂಗಸು ಮೊರ ಕೆಳಗಿಟ್ಟು, ಎಲ್ಲಿದ್ದೇನೆಂದು ಹೊಳೆಯದವಳಂತೆ ಸುತ್ತ ನೋಡಿ, ನಾಚಿಕೊಂಡು ಹೋದಳು, ಚಾಪೆಯ ಮೇಲಿನ ಗಂಡಸೂ ಅಂಗಿ ತೆಗೆದುಕೊಂಡು ಹೊರಟ. ಅತ್ತೆ ಒಳಗೆ ಬಂದು, "ಏನವಾ ಇದು, ಒಲಿಗೆ ಬೆಂಕಿ ಇಲ್ಲಲ್ಲ," ಎಂದು ಬೈದಳು. ಆ ಬೈಗುಳ ಕೇಳಿ ನನಗೆ ಬಂದ ಸಂತೋಷ ಹೇಳಲಾರೆ. ಆದರೆ ಗೋಡೆ ಕೆಂಪೇರಿತು. ಈ ಸಲ ಮೊದಲಿಗಿಂತ ಬೇಗ, ಮೊದಲಿಗಿಂತ ಜೋರಾಗಿ. ಅದಕ್ಕೆ ನೆನಪಿತ್ತು. ನಮ್ಮವರನ್ನು ಹಿಡಿದು ನಡೆಸಿಕೊಂಡು ಹೊರಗೆ ತರುವಾಗ ಪಡಸಾಲೆಯ ನೆಲ ಅವರ ಕಾಲಡಿಯಲ್ಲಿ ಕುದಿಯುವ ಹಾಲಿನಂತೆ ಉಬ್ಬಿತು.

ಉದ್ದನೆಯ ವಾರ್ಡಿನಲ್ಲಿ ಅವರಿಗೆ ಸಂಗಪ್ಪ ಮಾಸ್ತರರ ಪಕ್ಕದ ಮಂಚ ಸಿಕ್ಕಿತು. ಅಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಊಟ ಮಾಡುತ್ತಾರೆ, ಚದುರಂಗ ಆಡುತ್ತಾರೆ. ಆದರೆ ಯಾರೂ ಯಾರ ಹೆಸರನ್ನೂ ಸರಿಯಾಗಿ ಹೇಳುವುದಿಲ್ಲ. ಮಾಸ್ತರರು ತಮ್ಮ ಹೆಂಡತಿಯನ್ನು "ಬರ್ರಿ ಅಕ್ಕಾರೆ" ಎಂದು ಕರೆದದ್ದನ್ನು ನಾನೇ ಕೇಳಿದೆ. ಆ ತಾಯಿ ಬುತ್ತಿ ಬಿಚ್ಚಿದಳು. ನಾನು ದಿನವೂ ಹೋಗುತ್ತಿದ್ದೆ. ನಮ್ಮವರು ನನ್ನನ್ನು ಗುರುತಿಸಲು ಪ್ರತಿದಿನ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಒಮ್ಮೆ ನನ್ನ ಕೈ ಹಿಡಿದು, "ನಿಂಬಿ, ನಾ ಪೂರಾ ಮರಿಯೂದರಾಗ ನನ್ನ ಇಲ್ಲಿಂದ ಕರಕೊಂಡು ಹೋಗು," ಅಂದರು. "ಎಲ್ಲಿಗರ."

ಡಾಕ್ಟರರ ಕೋಣೆಗೆ ಹೋಗಿ, ನನ್ನ ಗಂಡನನ್ನು ವಾಪಸು ಕೊಡಿ ಎಂದೆ. ಅವರು ಮೇಜಿನ ಮೇಲಿನ ಸೀಸೆಗಳನ್ನು ಸರಿಸಿ ಹೇಳಿದರು: "ಒಂದು ಹಾದಿ ಅದ. ಒಬ್ರಿಗೆ ಆಗೇದ. ಇನ್ನೊಬ್ರಿಗೆ ಆಗ್ಲಿಲ್ಲ, ಅವರು ಉಳೀಲಿಲ್ಲ. ಮೊದಲ ಹೇಳ್ತೀನಿ." ಹುಟ್ಟಿದ ಕೂಸಿನ ಮೈಗೆ ತನ್ನದು ಯಾವುದು, ಹೆರವರದು ಯಾವುದು ಎಂದು ಇನ್ನೂ ತಿಳಿದಿರುವುದಿಲ್ಲವಂತೆ. ಆಗ ಏನನ್ನು ಕಾಣುತ್ತದೋ ಅದನ್ನು ಕಡೆಯವರೆಗೆ ತನ್ನದೆಂದೇ ನಂಬುತ್ತದಂತೆ. "ಗ್ವಾಡೀನೂ ಹಂಗ. ಹಸಿ ಇರೋ ತನಕ ಅದಕ್ಕ ಯಾರೂ ಹೊರಗಿನವರಲ್ಲ. ಒಣಗಿದ ಮ್ಯಾಲೆ ಕಲಿಯಂಗಿಲ್ಲ, ಬ್ಯಾರೆ ಯಾರ ಮನೀದಾದ್ರೂ."

ನಮ್ಮ ಊರಿನಲ್ಲಿ ಹಸಿ ಗೋಡೆಯ ಮೇಲೆ ಮನುಷ್ಯರ ನೆರಳು ಬೀಳಬಾರದು ಎನ್ನುತ್ತಾರೆ. ಗೋಡೆ ಕಟ್ಟುವ ಗೌಂಡಿಗಳು ಕೂಡ ಮಣ್ಣು ಮೆತ್ತುವ ಗಿಲಾವು ಮುಗಿದ ಕೂಡಲೇ ಬೆನ್ನು ತಿರುಗಿಸಿ ಹೊರಗೆ ಬರುತ್ತಾರೆ. ಹಸಿ ಗೋಡೆ ಕಂಡದ್ದನ್ನು ಬಿಡುವುದಿಲ್ಲವಂತೆ. ಒಂದು ಓಣಿಯಲ್ಲಿ ಹಸಿ ಗೋಡೆಗೆ ಒರಗಿ ನಿದ್ದೆಹೋದ ಮನುಷ್ಯನೊಬ್ಬ ಆಮೇಲೆ ಬೀದಿಗೆ ಬರಲಾರದೇ ಹೋದ ಕಥೆ ಎಲ್ಲರಿಗೂ ಗೊತ್ತು. ನಾನು ಅತ್ತೆಗೆ ಹೇಳಿದೆ. ಹಿತ್ತಲ ಮೂಲೆಯಲ್ಲಿ, ಹಳೆಯ ಮನೆಗೆ ತಾಗದ ಹಾಗೆ, ಒಂದು ಕೋಣೆ ಕಟ್ಟುತ್ತೇನೆ ಅಂದೆ. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

ಗೌಂಡಿಗಳು ಯಾರೂ ಬರಲೊಪ್ಪಲಿಲ್ಲ. ಭಾರತಿ ತನ್ನ ಗಂಡನ ಜೊತೆ ಬಂದಳು. ಕೆರೆಯ ಅಂಗಳದಿಂದ ಮಣ್ಣು ತಂದೆವು, ನಮ್ಮ ಹಿತ್ತಲದ ಒಂದು ಹಿಡಿಯೂ ಬೆರೆಸಲಿಲ್ಲ. ನಾನು ಕಾಲಿನಿಂದ ತುಳಿದೆ. ಹೊಟ್ಟೆಯ ಹೊಲಿಗೆಯ ಜಾಗ ಎಳೆಯುತ್ತಿತ್ತು. ಗೋಡೆ ಎದ್ದು ಮಾಡು ಹೊದಿಸಿದ ಮೇಲೆ, ಒಳಗಿನ ಗಿಲಾವಿಗೆ ಮಣ್ಣು ಕಲಸಿಟ್ಟು ನಮ್ಮವರನ್ನು ಗುಡ್ಡದಿಂದ ಇಳಿಸಿ ತಂದೆವು. ಹಳೆಯ ಮನೆಯ ಒಳಗೆ ಹೋಗದೆ, ಸುತ್ತುಹಾಕಿ ಹಿತ್ತಲ ಕಡೆಯಿಂದ. ಹಾಗೆ ತರುವಾಗಲೂ ಆ ಮನೆಯ ಹಿಂಗೋಡೆ ನಾವು ನಡೆದ ಉದ್ದಕ್ಕೂ ಕೆಂಪಾಗುತ್ತ ಬಂತು. ಗುಡ್ಡದಿಂದ ಜೊತೆಗೆ ಬಂದಿದ್ದ ಡಾಕ್ಟರರು ಕೂಡ ಅದನ್ನು ನೋಡಿ ಹೆಜ್ಜೆ ಜೋರು ಮಾಡಿದರು.

ಡಾಕ್ಟರರೂ ಭಾರತಿಯೂ ಹೊರಗೆ ನಿಂತರು. ಒಳಗೆ ನಾವಿಬ್ಬರೇ. ಹಳೆಯ ಮನೆಯ ಪಕ್ಕ ಹಾದುಬಂದಾಗಿನಿಂದ ನಮ್ಮವರಿಗೆ ನಿಲ್ಲಲಾಗುತ್ತಿರಲಿಲ್ಲ, ಮೂತ್ರವೂ ನಿಂತಿತ್ತು. ಸ್ಟೂಲಿನ ಮೇಲೆ ಕೂತು ಕೈಗೆ ಎಟುಕುವಷ್ಟನ್ನು ಅವರು ಮೆತ್ತಿದರು, ಮೇಲಿನದನ್ನು ನಾನು. ಮಣ್ಣು ತಣ್ಣಗಿತ್ತು. ಕೊನೆಯ ಮೂಲೆ ಮುಗಿಸಿ ಇಬ್ಬರೂ ಅಂಗೈಗಳನ್ನು ಗೋಡೆಗೆ ಒತ್ತಿ ಹಿಡಿದೆವು. ಏನೂ ಆಗಲಿಲ್ಲ. ಆಮೇಲೆ ಅಂಗೈಯಡಿಯಲ್ಲಿ ಮಣ್ಣು ಮೆಲ್ಲಗೆ, ಕೂಸು ಮೊಲೆ ಹುಡುಕುವ ಹಾಗೆ, ನಮ್ಮ ಕಡೆಗೆ ಸರಿಯಿತು. ನನಗೆ ಕೈ ಕಿತ್ತುಕೊಂಡು ಓಡಬೇಕೆನಿಸಿತು. ಅದು ಬೆರಳ ಸಂದುಗಳಲ್ಲಿ ಏರಿ, ಉಗುರುಗಳನ್ನು ಸವರಿ, ಮಣಿಕಟ್ಟಿನವರೆಗೆ ಬಂತು.

"ಬಿಡಂಗಿಲ್ಲೇನು ಇದು?" ಅಂದರು ನಮ್ಮವರು. ಅವರ ಹಣೆಯಲ್ಲಿ ಬೆವರಿತ್ತು.

"ನೋಡ್ಲಿ," ಅಂದೆ. "ಪೂರಾ ನೋಡ್ಲಿ."

ಅದು ನೋಡಿತು. ಆಮೇಲೆ ಬಿಟ್ಟಿತು. ಗೋಡೆಯ ಮೇಲೆ ನಮ್ಮ ಕೈಗಳ ಗುರುತು ಕೂಡ ಉಳಿಯಲಿಲ್ಲ, ನುಣ್ಣಗಾಗಿ ಮುಚ್ಚಿಕೊಂಡಿತು. ನಮ್ಮವರು ಮೆಲ್ಲಗೆ ಬೆನ್ನನ್ನು ಗೋಡೆಗೆ ಒರಗಿಸಿದರು. ನನ್ನ ಕಿಡ್ನಿ ಇರುವ ಬದಿಯನ್ನು. ಉಸಿರು ಬಿಗಿಹಿಡಿದು ಕಾದೆವು. ಗೋಡೆ ತಣ್ಣಗೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ನಾಚಿಕೆಯಿಂದ, ಮೂತ್ರಕ್ಕೆ ಹೋಗಬೇಕು ಅಂದರು. ಹೊರಗೆ ಡಾಕ್ಟರ್ ಅನುಸೂಯಾ ಅದನ್ನು ಕೇಳಿ ಮುಖ ಮುಚ್ಚಿಕೊಂಡು ನಕ್ಕರು, ಅಥವಾ ಅತ್ತರು.

ಮಧ್ಯಾಹ್ನದ ಬಿಸಿಲು ಬಾಗಿಲಿಂದ ಒಳಗೆ ಬಂದು ಗೋಡೆಯ ಅಂಚು ಬಿಳಿಚಿ ಒಣಗತೊಡಗಿತ್ತು. ಆಗ ಹಿತ್ತಲಲ್ಲಿ ಯಾರೋ ಬೇಗಬೇಗ ನಡೆದುಬರುವ ಸದ್ದಾಯಿತು. ಅತ್ತೆ. ಕಂಕುಳಲ್ಲಿ ಹಾಸಿಗೆ ಸುರುಳಿ, ಕೈಯಲ್ಲಿ ತನ್ನ ತಂಬಿಗೆ. ಅಷ್ಟು ವಯಸ್ಸಿನಲ್ಲಿ ಅವಳು ಓಡಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಏದುಸಿರು ಬಿಡುತ್ತ ಕೇಳಿದಳು: "ನಿಂಬಿ, ಇನ್ನೂ ಹಸಿ ಐತೇನವಾ?"

ಅವಳ ಬೆನ್ನ ಹಿಂದೆ, ಒಳಗೆ ಯಾರೂ ಇಲ್ಲದ ಆ ದೊಡ್ಡ ಮನೆಯ ಹಿತ್ತಲ ಕದ ತಾನಾಗಿ ಮುಚ್ಚಿಕೊಂಡು, ಅಗಳಿ ಬಿದ್ದದ್ದು ನಮಗೆಲ್ಲ ಕೇಳಿಸಿತು. ಅತ್ತೆ ಮಾತ್ರ ತಿರುಗಿ ನೋಡಲಿಲ್ಲ.

"ಈ ಮೂಲಿ ಇನ್ನೂ ಹಸಿ ಐತಿ," ಅಂದೆ. "ಲಗೂನ ಬರ್ರಿ." ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು, ಆ ಸುಕ್ಕುಗಟ್ಟಿದ ಅಂಗೈಯನ್ನು ಗೋಡೆಗೆ ಒತ್ತಿ ಅದರ ಮೇಲೆ ನನ್ನ ಅಂಗೈ ಇಟ್ಟೆ.